ಬಾಲ ಕಳೆದುಕೊಂಡ ಹಲ್ಲಿ ಮತ್ತು ಹಸಿರು ಫಲಕ

ನಾಲ್ಕು ಮಹಡಿಯ ಸೀರೆ ಅಂಗಡಿಯೊಂದರಲ್ಲಿ ಒಂದು ಕಡೆ ಕೂತು ಗೊತ್ತೇ ಇಲ್ಲದ ಹಲ್ಲಿಯೊಂದಿತ್ತು. ಅದರ ಗೆಳೆಯ ಮೂರನೇ ಮಹಡಿಯ ಹಸಿರು ದೀಪದ ಫಲಕ. 'ಹೊರಗೆ ಹೋಗುವ ದಾರಿ' ಎಂದು ಹನ್ನೆರಡು ವರ್ಷದಿಂದ ಬಲಕ್ಕೇ ಬಾಣ ತೋರಿಸುತ್ತಿತ್ತು.

ಒಂದು ಮಧ್ಯಾಹ್ನ ಹಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡಿಬಂತು.

"ಅಣ್ಣಾ, ಬಲಗಡೆ ಮೆಟ್ಟಿಲಿಗೆ ಬೆಂಕಿ ಹತ್ತಿದೆ! ಎಡಗಡೆದು ಚೆನ್ನಾಗಿದೆ. ಬೇಗ ಮಾತು ಬದಲಿಸು!"

"ಬದಲಿಸೋದೇ? ನನ್ನದು ಒಂದೇ ಮಾತು ಕಣೋ. ನಿನ್ನ ಹಾಗೆ ಅಲೆಮಾರಿಯಲ್ಲ ನಾನು."

ಅಷ್ಟರಲ್ಲಿ ಕರೆಂಟು ಹೋಗಿ, ಬ್ಯಾಟರಿಯ ಫಲಕಗಳಷ್ಟೇ ಉರಿಯುತ್ತಿರಲು, ಜನ ಗಾಬರಿಯಾಗಿ ನುಗ್ಗಿದರು. "ಹಸಿರು ದೀಪ ಕಾಣ್ತಿದೆ, ನನ್ನ ಹಿಂದೇನೇ ಬನ್ನಿ ಅಮ್ಮಾ!" ಎಂದು ಸೀರೆ ತೋರಿಸುವ ಫಿಲೋಮಿನಾ ಬಲಕ್ಕೇ ಹೊರಟಳು.

"ಬೆಕ್ಕು ಹಿಡಿದಾಗ ನಾನು ಬಾಲವನ್ನೇ ಬಿಟ್ಟುಕೊಟ್ಟೆ. ಅದೇನು ನನಗೆ ಬೇಡವಾಗಿತ್ತಾ? ನಂದಿಸಿಬಿಡು ಅಣ್ಣಾ ನಿನ್ನ ಬೆಳಕನ್ನ!" ಎಂದು ಹಲ್ಲಿ ಅರಚಿತು.

ಫಲಕ ಒಮ್ಮೆ ನಡುಗಿ, ಪಟ್ಟನೆ ನಂದಿಹೋಯಿತು. ಆಗಲೇ ಎಡಗಡೆ ಮೆಟ್ಟಿಲು ತೋರಿಸುವ ಮೂಲೆಯ ಪುಟ್ಟ ಫಲಕ ಎಲ್ಲರ ಕಣ್ಣಿಗೆ ಬಿದ್ದದ್ದು!

"ಅಯ್ಯೋ, ಈ ಕಡೆ! ಈ ಕಡೆ ಬನ್ನಿ!" ಎಂದು ಫಿಲೋಮಿನಾ ತಿರುಗಿದಳು. ಅವಳ ಹಿಂದೆ ಐವತ್ತೆರಡು ಜನ ಬೀದಿ ಸೇರಿ ನೆಮ್ಮದಿಯ ಉಸಿರುಬಿಟ್ಟರು.

ಅಂಗಡಿ ರಿಪೇರಿಯಾದಾಗ ಎಲೆಕ್ಟ್ರಿಷಿಯನ್ ಫಲಕದ ಬಾಣದ ಮೇಲೆ ಕೆಂಪು ದೀಪದ ಅಡ್ಡಗೆರೆಯನ್ನೂ ಕೂರಿಸಿದ. ದಾರಿ ಕೆಟ್ಟರೆ ಈಗ ಫಲಕ 'ಇಲ್ಲಿ ಬೇಡ' ಎಂದೂ ಹೇಳಬಲ್ಲದು. ಆದರೂ ದಿನಾ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹಲ್ಲಿಯನ್ನು ಕೂಗುತ್ತದೆ:

"ತಮ್ಮಾ, ಮೆಟ್ಟಿಲ ಕಡೆ ಒಂದು ಸುತ್ತು ಹೋಗಿ ನೋಡಿಕೊಂಡು ಬಾ. ಆಮೇಲೆ ನಾನು ಬಾಯಿ ತೆರೆಯುತ್ತೇನೆ."