ಸೋಪಾನಾಶ್ರಮದ ಮೆಟ್ಟಿಲುಗಳು

ಹೊಳೆ ಬೆಟ್ಟವನ್ನು ಬಳಸಿ ಹರಿಯುವಲ್ಲಿ ಒಂದು ಆಶ್ರಮವಿತ್ತು. ಬಹಳ ಹಿಂದೆ ಅದು ಆ ಕಾಡನ್ನು ಆಳುತ್ತಿದ್ದ ಬಿಳಿಯ ದೊರೆಯೊಬ್ಬನ ಬಂಗಲೆ. ದೊರೆ ಹಡಗು ಹತ್ತಿದ, ಬಂಗಲೆ ಆಶ್ರಮವಾಯಿತು.

ಎತ್ತರದ ಜಗಲಿ. ಜಗಲಿಗೆ ಅಗಲವಾದ ಕಲ್ಲಿನ ಮೆಟ್ಟಿಲುಗಳು. ಆ ಮೆಟ್ಟಿಲು ಹತ್ತಿದವರ ಎದೆಯ ಭಾರ ಇಳಿಯುತ್ತದೆಂಬ ನಂಬಿಕೆ ನಾಡೆಲ್ಲ ಹಬ್ಬಿತ್ತು. ಜನ ಅದನ್ನು ಸೋಪಾನಾಶ್ರಮವೆಂದೇ ಕರೆಯುತ್ತಿದ್ದರು.

ಗುರು ಶಿವಗಂಗಮ್ಮನವರಿಗೆ ಮಾತು ಕಡಿಮೆ. ಶಿಷ್ಯ ಚಿದಂಬರನಿಗೆ ಮಾತೇ ಹೆಚ್ಚು, ಮನಸ್ಸು ಒಳ್ಳೆಯದು.

ವರ್ಷಕ್ಕೊಮ್ಮೆ, ರಾಗಿಯ ಕೊಯ್ಲು ಮುಗಿದ ಮೇಲೆ, ಬೆಟ್ಟದ ಸೋಲಿಗರು ಇಳಿದು ಬರುತ್ತಿದ್ದರು. ಮೆಟ್ಟಿಲುಗಳ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು, ಕಲ್ಲುಗಳನ್ನು ಅಂಗೈಯಿಂದ ಸವರಿ, ಬೆರಳ ತುದಿಯಿಂದ ಜೇನು ಹಚ್ಚಿ, ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಒಬ್ಬರೂ ಮೇಲೆ ಹತ್ತುತ್ತಿರಲಿಲ್ಲ.

“ಎಂಥ ಭಕ್ತಿ ನೋಡಿ!” ಎಂದು ಚಿದಂಬರ ಯಾತ್ರಿಕರಿಗೆ ತೋರಿಸುತ್ತಿದ್ದ. “ಗುರುಗಳ ಪಾದ ಸೋಕಿದ ಕಲ್ಲೇ ಅವರಿಗೆ ದೇವರು. ಹತ್ತಲು ಸಂಕೋಚ, ಪಾಪ.”

ಆ ಸಂಕೋಚ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದು ವರ್ಷ ಅವನು ತಡೆಯಲಾರದೆ ಗುರುವಿನ ಮುಂದೆ ನಿಂತ.

“ತಾಯಿ, ಬಿಳಿಯರು ಅವರ ಕಾಡನ್ನು ಕಿತ್ತುಕೊಂಡರು. ಅವರಿಂದ ಬಿಟ್ಟಿ ದುಡಿಸಿಕೊಂಡರು. ಇಂದಿಗೂ ನಾವು ಅವರನ್ನು ಕೆಳಗೇ ನಿಲ್ಲಿಸಿದ್ದೇವೆ. ಈ ಸಲ ನಾನು ಅವರನ್ನು ಮೇಲಕ್ಕೆ ಕರೆಯುತ್ತೇನೆ.”

“ಅವರು ಕೇಳಿದರೇ?”

“ಕೇಳುವ ಧೈರ್ಯ ಅವರಿಗೆಲ್ಲಿದೆ, ತಾಯಿ?”

ಗುರು ಮತ್ತೆ ಮಾತನಾಡಲಿಲ್ಲ. ಅದನ್ನು ಚಿದಂಬರ ಒಪ್ಪಿಗೆಯೆಂದು ತಿಳಿದ.

ಅವರು ಬರುವ ದಿನ ಅವನು ಮೆಟ್ಟಿಲುಗಳ ಮೇಲೆ ಹೊಸ ಜಮಖಾನ ಹಾಸಿದ. ಸೇವಂತಿಗೆಯ ಹಾರಗಳನ್ನು ತರಿಸಿದ. ಸೋಲಿಗರು ಬಂದರು. ಎಲ್ಲರಿಗಿಂತ ಮುಂದೆ, ಊರುಗೋಲು ಹಿಡಿದ ಮುದುಕಿ ಜಡಮ್ಮ. ಜಮಖಾನ ಕಂಡವಳೇ ಅವಳು ನಿಂತುಬಿಟ್ಟಳು.

“ಬನ್ನಿ ಅವ್ವ, ಮೇಲೆ ಬನ್ನಿ. ಇಲ್ಲಿ ಎಲ್ಲರೂ ಸಮಾನರು.”

“ಬ್ಯಾಡಿ ಬುದ್ಧಿ.”

ಚಿದಂಬರನ ಕಣ್ಣು ತುಂಬಿ ಬಂತು. ಅವನು ಮೆಟ್ಟಿಲ ತುದಿಯಲ್ಲಿ ನಿಂತು ಮಾತನಾಡತೊಡಗಿದ. ಶತಮಾನಗಳ ಅನ್ಯಾಯವನ್ನು ನೆನೆದ. ದೊರೆಗಳ ಪರವಾಗಿ, ನಾಡಿನವರ ಪರವಾಗಿ, ತನ್ನ ಪರವಾಗಿ ಕ್ಷಮೆ ಬೇಡಿದ. ಮಾತು ಸುಂದರವಾಗಿತ್ತು. ಬಿಸಿಲು ಏರಿತು. ಮಕ್ಕಳು ಆಕಳಿಸಿದವು.

ಅವನು ಕೈಮುಗಿದು ನಿಂತಾಗ ಜಡಮ್ಮ ಕೇಳಿದಳು:

“ಮುಗೀತಾ ಬುದ್ಧಿ?”

“ಮುಗಿಯಿತು, ಅವ್ವ.”

“ಹಂಗಾರೆ ಆ ಜಮಖಾನ ತಗೀತೀರಾ? ಹೊತ್ತಾಯ್ತದೆ.”

ಹಿಂದೆ ನಿಂತಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಚಿದಂಬರನ ಮುಖ ಕೆಂಪಾಯಿತು. ಅವನು ಜಮಖಾನವನ್ನು ಸುತ್ತಿ ತೆಗೆದ. ಸೋಲಿಗರು ಎಂದಿನಂತೆ ಕುಳಿತು, ಕಲ್ಲುಗಳನ್ನು ಸವರತೊಡಗಿದರು.

ಜಗಲಿಯ ಮೇಲಿಂದ ಗುರು ಕರೆದರು.

“ಜಮಖಾನ ಏಕೆ ತೆಗೆಯಬೇಕೆಂದಳು?”

“ತಿಳಿಯದು, ತಾಯಿ.”

“ಇಷ್ಟು ಹೊತ್ತು ಮಾತನಾಡಿದೆಯಲ್ಲ. ಒಂದು ಮಾತು ಕೇಳು.”

ಚಿದಂಬರ ಇಳಿದು ಬಂದು ಜಡಮ್ಮನ ಪಕ್ಕದಲ್ಲಿ ಕುಳಿತ.

“ಅವ್ವ, ಈ ಕಲ್ಲುಗಳನ್ನು ಏಕೆ ಸವರುತ್ತೀರಿ?”

ಜಡಮ್ಮ ಅವನ ಮುಖವನ್ನು ನೋಡಿದಳು. ಗೇಲಿಯೋ ನಿಜವೋ ಎಂದು ತೂಗುವಂತೆ ನೋಡಿದಳು.

“ನಮ್ಮಲ್ಲಿ ಯಾರಾನ ಸತ್ರೆ ಅವರ ಹೆಸರಲ್ಲಿ ಹೊಳೆಯಿಂದ ಒಂದು ಚಪ್ಪಟೆ ಕಲ್ಲು ಹೊತ್ಕೊಂಡು ಹೋಗಿ, ಬೆಟ್ಟದ ಮೇಲೆ ಹಿರೀಕರ ಪಕ್ಕದಲ್ಲಿ ಮಡಗ್ತೀವಿ. ಆಮೇಲೆ ಆ ಕಲ್ಲು ಕಲ್ಲಲ್ಲ. ಅವರೇ.”

“ಹೌದೇ?”

“ದೊರೆಗೆ ಮೆಟ್ಟಿಲು ಬೇಕಾಯ್ತು. ಕಲ್ಲು ಕಡಿಸೋ ತಾಪತ್ರಯ ಯಾಕೆ ಅಂದ. ಮೇಲೆ ಸಾಲಾಗಿ ಕೂತಿದ್ರಲ್ಲ ನಮ್ಮೋರು, ಅವರನ್ನೇ ಇಳಿಸಿದ. ಹೊರೋಕೂ ನಮ್ಮೋರೇ. ನಮ್ಮಜ್ಜಿ ತನ್ನ ಅವ್ವನ್ನ ತಾನೇ ಹೊತ್ಕೊಂಡು ಬಂದಳಂತೆ, ಬೆನ್ನ ಮೇಲೆ ಚಾಟಿ ತಿಂತಾ.”

ಚಿದಂಬರನ ಕೈ ಕಲ್ಲಿನ ಮೇಲಿತ್ತು. ಅವನು ಅದನ್ನು ಹಿಂದಕ್ಕೆಳೆದುಕೊಂಡ.

“ಇವಳು ಕೇತಿ, ನಮ್ಮಜ್ಜನ ಅಕ್ಕ. ಬಾಯಿ ಜೋರು. ಇವನು ಬೊಮ್ಮ, ಜೇನು ಕೀಳೋಕೆ ಹೋಗಿ ಬಿದ್ದೋನು. ಈ ಮೂಲೆಯೋರು ಯಾರೋ, ನಂಗೆ ಗೊತ್ತಿಲ್ಲ.” ಅವಳು ಆ ಕಲ್ಲಿಗೂ ಜೇನು ಹಚ್ಚಿದಳು. “ಅವರಿಗೆ ನಾನು ಗೊತ್ತು.”

“ಇದನ್ನು ನೀವು ಎಂದೂ ಹೇಳಲೇ ಇಲ್ಲವಲ್ಲ, ಅವ್ವ!”

“ಯೋಳಿದ್ದೊ ಬುದ್ಧಿ. ಇವರಿಗಿಂತ ಹಿಂದೆ ಇಲ್ಲಿ ದೊಡ್ಡೋರಿದ್ರಲ್ಲ, ಅವರಿಗೆ ಯೋಳಿದ್ದೊ. ಪೂರಾ ಕೇಳಿಸ್ಕೊಂಡ್ರು. ಪ್ರಸಾದ ಕೊಟ್ಟು ಕಳಿಸಿದ್ರು.”

ಹಿಂದಿನ ಆ ದೊಡ್ಡವರು ಶಿವಗಂಗಮ್ಮನವರ ಗುರು. ಅವರ ಪಾದುಕೆಗಳು ಇಂದಿಗೂ ಜಗಲಿಯ ಮೇಲಿದ್ದವು.

ಗುರುವಿಗೆ ಎಲ್ಲವೂ ಕೇಳಿಸಿತ್ತು. ಅವರು ಎದ್ದರು. ಜಡಮ್ಮನ ಬಳಿಗೆ ಬರಲೆಂದು ಮೊದಲ ಮೆಟ್ಟಿಲಿನತ್ತ ಕಾಲು ಎತ್ತಿದರು. ಎತ್ತಿದ ಕಾಲು ಅಲ್ಲೇ ನಿಂತಿತು.

“ಚಿದಂಬರ.”

“ತಾಯಿ?”

“ಏಣಿ.”

ದನದ ಕೊಟ್ಟಿಗೆಯಿಂದ ಬಿದಿರಿನ ಏಣಿ ಬಂತು. ಜಗಲಿಯ ಪಕ್ಕಕ್ಕೆ ಅದನ್ನು ಆನಿಸಿದರು. ನಾಡೆಲ್ಲ ಅಡ್ಡಬೀಳುವ ಗುರು, ಸೀರೆಯ ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ತಿರುಗಿಸಿ, ಒಂದೊಂದೇ ಮೆಟ್ಟು ತಡಕುತ್ತ ಇಳಿಯತೊಡಗಿದರು.

“ನಿಧಾನ ಬುದ್ಧಿ!” ಎಂದಳು ಜಡಮ್ಮ. “ಈ ವಯಸ್ಸಿಗೆ ನಾನು ಮರ ಹತ್ತೋದು ಬುಟ್ಟೆ, ನೀವು ಸುರು ಮಾಡ್ಕೊಂಡ್ರಲ್ಲ!”

ಗುರು ನೆಲ ಮುಟ್ಟಿದರು. ಜಡಮ್ಮನ ಎದುರಿಗೆ ನಿಂತರು.

“ಜಡಮ್ಮನವರೇ, ಏನಾಗಬೇಕು?”

ಜಡಮ್ಮ ಬೆಟ್ಟದ ನೆತ್ತಿಯತ್ತ ನೋಡಿದಳು.

“ನನ್ನ ಗಂಡನ ಕಲ್ಲು ಮೇಲೆ ಒಂಟಿಯಾಗಿ ಕೂತದೆ. ಇವತ್ತೋ ನಾಳೆಯೋ ಪಕ್ಕದಲ್ಲಿ ನಂದು. ನಮ್ಮಿಬ್ಬರಿಗೂ ಮೇಲೆ ಹಿರೀಕರಿಲ್ಲ. ಹಿರೀಕರಿಲ್ಲದ ಮನೇಲಿ ಹೆಂಗೆ ಇರೋದು, ಬುದ್ಧಿ?” ಅವಳು ಕಣ್ಣೊರೆಸಿಕೊಂಡಳು. “ಏನಾಗಬೇಕು ಅಂತ ನಾನೊಬ್ಬಳೇ ಯೋಳಕಾಗಲ್ಲ. ನಮ್ಮೋರ್ನ ಕೇಳ್ಕೊಂಡು ಬತ್ತೀನಿ.”

ಸೋಲಿಗರು ಬೆಟ್ಟ ಹತ್ತಿ ಹೋದರು.

ಚಿದಂಬರ ಆ ಸಂಜೆಯೇ ಓಡಿ ಬಂದ.

“ತಾಯಿ, ನನಗೊಂದು ದಾರಿ ಹೊಳೆದಿದೆ. ಮೆಟ್ಟಿಲುಗಳ ಸುತ್ತ ಹಿತ್ತಾಳೆಯ ಕಟಕಟೆ ಹಾಕಿಸೋಣ. ಯಾರೂ ತುಳಿಯಬಾರದು. ನಿತ್ಯ ದೀಪ ಹಚ್ಚೋಣ. ನಡೆದದ್ದನ್ನೆಲ್ಲ ಶಿಲೆಯ ಮೇಲೆ ಕೆತ್ತಿಸೋಣ.”

“ಕದ್ದ ಹಸುವಿಗೆ ಹೂ ಮುಡಿಸಿ ಆರತಿ ಎತ್ತಿದರೆ, ಹಾಲು ಯಾರ ಮನೆಗೆ?”



ಮರುದಿನ ಧರ್ಮದರ್ಶಿ ಪುಟ್ಟಬಸಪ್ಪನವರು ಬಂದರು. ಆಶ್ರಮದ ಆಡಳಿತ ಅವರ ಕೈಯಲ್ಲಿತ್ತು. ಏಣಿಯನ್ನು ಕಂಡು ಅವರ ಹುಬ್ಬು ಗಂಟಿಕ್ಕಿತು.

“ಸೋಪಾನವಿಲ್ಲದ ಮೇಲೆ ಸೋಪಾನಾಶ್ರಮವೇನು ಬಂತು, ತಾಯಿ? ಜನ ಬರುವುದೇ ಆ ಮೆಟ್ಟಿಲಿಗಾಗಿ. ಅವರ ಭಾರ ಇಳಿಯುತ್ತದೆ.”

“ಇಳಿಯುತ್ತದೆ. ಯಾರ ಮೇಲೆ ಇಳಿಯಿತೆಂದು ನಾವು ನೋಡಲಿಲ್ಲ.”

“ತಪ್ಪು ಮಾಡಿದವನು ಬಿಳಿಯ ದೊರೆ. ನಾವಲ್ಲ. ಅವನು ಹೋಗಿ ಒಂದು ಕಾಲವಾಯಿತು.”

“ಹೌದು. ಅವನು ಈ ಮೆಟ್ಟಿಲುಗಳನ್ನು ಇಳಿದು ಹೋದ. ಹತ್ತಿದವರು ನಾವು.”

ಪುಟ್ಟಬಸಪ್ಪನವರು ಶಲ್ಯ ಕೊಡವಿ ಹೊರಟುಹೋದರು.

ದಿನಗಳು ಉರುಳಿದವು. ಬೆಟ್ಟದಿಂದ ಮಾತು ಬರಲಿಲ್ಲ. ಆಶ್ರಮದವರೆಲ್ಲ ಏಣಿಯಲ್ಲೇ ಹತ್ತಿದರು, ಏಣಿಯಲ್ಲೇ ಇಳಿದರು. ಸೊಂಟ ನೋಯುವವರು ಗೊಣಗಿದರು. ಗುರು ಮಾತ್ರ ಮೇಲೆ ಹೋಗುವುದನ್ನೇ ಬಿಟ್ಟು, ಅಂಗಳದ ಹೊಂಗೆಮರದ ಕೆಳಗೆ ಪಾಠ ಹೇಳಿದರು.

ಚಿದಂಬರನ ತಾಳ್ಮೆ ತೀರಿತು.

“ಇನ್ನೆಷ್ಟು ಕಾಯುವುದು, ತಾಯಿ? ಕಲ್ಲುಗಳನ್ನು ನಾವೇ ಕಿತ್ತು, ನಾವೇ ಹೊತ್ತು, ಬೆಟ್ಟದ ಮೇಲೆ ಇಟ್ಟು ಬರೋಣ.”

“ಯಾರ ಪಕ್ಕದಲ್ಲಿ ಯಾರನ್ನು ಇಡುತ್ತೀಯೆ?”

ಅವನು ಹೊಂಗೆಯ ಬುಡದಲ್ಲಿ ಕುಳಿತುಬಿಟ್ಟ.

“ಅವರು ಕಾದದ್ದು ತಲೆಮಾರುಗಳ ಲೆಕ್ಕದಲ್ಲಿ” ಎಂದರು ಗುರು. “ನಿನಗೆ ಇಷ್ಟಕ್ಕೇ ಕಾಲು ನೋಯಿತೇ?”

ಹೊಂಗೆ ಹೂ ಬಿಡುವ ಹೊತ್ತಿಗೆ ಜಡಮ್ಮ ಬಂದಳು. ಅವಳ ಹಿಂದೆ ಬೆಟ್ಟವೇ ಇಳಿದು ಬಂದಂತೆ ಜನ. ಗಂಡಸರ ಹೆಗಲ ಮೇಲೆ ಕಲ್ಲು ಹೊರುವ ಬಿದಿರಿನ ಅಡ್ಡೆಗಳು, ಹೆಂಗಸರ ಸೊಂಟದಲ್ಲಿ ಜೇನಿನ ಸೋರೆಬುರುಡೆಗಳು.

“ಕೂತು ಮಾತಾಡಿದೊ” ಎಂದಳು. “ಕರ್ಕೊಂಡು ಹೋಯ್ತೀವಿ.”

ಚಿದಂಬರ ಮುಂದೆ ಬಂದು ಅವಳ ಪಾದ ಮುಟ್ಟಿದ.

“ಅವ್ವ, ಮೊದಲ ಕಲ್ಲನ್ನು ನಾನು ಹೊರುತ್ತೇನೆ. ಬರಿಗಾಲಿನಲ್ಲಿ. ಅದು ನನ್ನ ಪ್ರಾಯಶ್ಚಿತ್ತ.”

“ನಿಮ್ಮ ಪ್ರಾಚಿತ್ತಕ್ಕೆ ನಮ್ಮ ಮುತ್ತಜ್ಜಿನ್ಯಾಕೆ ಹೊರ್ತೀರಿ?”

ಜನ ಗೊಳ್ಳೆಂದು ನಕ್ಕರು. ಜಡಮ್ಮ ಊರುಗೋಲಿನಿಂದ ಕಲ್ಲುಗಳ ಸಂದನ್ನು ತೋರಿಸಿದಳು.

“ಹೊರೋಕೆ ನಾವಿದ್ದೀವಿ. ಆ ಗಾರೆ ಅದೆಯಲ್ಲ, ಅದು ನಿಮ್ಮ ಬಂಗಲೆದು. ಅದ ಬುಡಿಸಿ.”

ಚಿದಂಬರ ಗುರುವಿನತ್ತ ನೋಡಿದ. ಗುರು ಆಗಲೇ ಉಳಿ ಸುತ್ತಿಗೆ ಹಿಡಿದು ನೆಲದ ಮೇಲೆ ಕುಳಿತಿದ್ದರು.

ದೊರೆಯ ಗಾರೆ ಗಟ್ಟಿಯಾಗಿತ್ತು. ಆಶ್ರಮದವರೆಲ್ಲ ಕುಳಿತು ಕೆತ್ತಿದರು. ಚಿದಂಬರನ ಅಂಗೈಯಲ್ಲಿ ಬೊಬ್ಬೆ ಎದ್ದಿತು, ಒಡೆಯಿತು. ಅವನು ಕೆತ್ತುತ್ತಲೇ ಇದ್ದ. ಕಲ್ಲಿಗೆ ಉಳಿ ತಾಗಿದಾಗೆಲ್ಲ ಜಡಮ್ಮ ಗದರುತ್ತಿದ್ದಳು: “ಮೆಲ್ಲಗೆ! ಕೇತಿ ಎದ್ದು ಬಯ್ದಾಳು!”

ಮೊದಲ ಕಲ್ಲು ಸಡಿಲಿತು. ಗಂಡಸರು ಅದನ್ನು ಮಗ್ಗುಲಾಗಿಸಿ ಎತ್ತಿದರು. ಕೆಳಗಿನ ಮೈ ಕಂಡಿತು. ಬೆಟ್ಟದ ಮೇಲಿದ್ದಾಗ ನೂರು ಕೈಗಳು ಸವರಿ ಸವರಿ ನುಣುಪಾದ ಮೈ. ಜೇನು ಕುಡಿದು ಕಪ್ಪಾಗಿ ಮಿರುಗುವ ಮೈ. ದೊರೆ ಅವರನ್ನು ಮುಖ ಕೆಳಗಾಗಿ ಹಾಸಿದ್ದ.

“ಮೊಕ ಅದೆ!” ಎಂದು ಜಡಮ್ಮ ಕೂಗಿದಳು. “ಏ, ನೋಡ್ರೋ, ಮೊಕ ಹಂಗೇ ಅದೆ!”

ಅವಳು ಕಲ್ಲನ್ನು ತಬ್ಬಿಕೊಂಡಳು. ತಮಟೆ ಬಡಿಯಿತು. ಕೊಳಲು ಎದ್ದಿತು. ಬೆಟ್ಟದ ದಾರಿಯುದ್ದಕ್ಕೂ ಹಾಡು ಹತ್ತತೊಡಗಿತು.

ಒಂದೊಂದೇ ಕಲ್ಲು ಎದ್ದಿತು. ಒಂದೊಂದಕ್ಕೂ ಅದರ ಕುಲದವರು ಬಂದು ಹೆಗಲು ಕೊಟ್ಟರು. ಕೊನೆಗೆ ಮೂಲೆಯ ಕಲ್ಲು ಉಳಿಯಿತು. ಯಾರೆಂದು ಯಾರಿಗೂ ತಿಳಿಯದ ಕಲ್ಲು. ಜನ ಒಬ್ಬರ ಮುಖ ಒಬ್ಬರು ನೋಡಿದರು.

ಚಿದಂಬರ ಗಾರೆಯ ಪುಡಿ ಗುಡಿಸುತ್ತಿದ್ದ. ಅವನು ತಲೆ ಎತ್ತಲಿಲ್ಲ. ಏನನ್ನೂ ಕೇಳಲಿಲ್ಲ.

“ಲೇ ಮಗ” ಎಂದಳು ಜಡಮ್ಮ.

ಅವಳು ಯಾರನ್ನು ಕರೆದಳೆಂದು ಅವನು ಸುತ್ತ ನೋಡಿದ.

“ನಿನ್ನೇ. ಇವರಿಗೆ ಹೊರೋಕೆ ಸ್ವಂತದೋರಿಲ್ಲ. ಬಾ, ಹೆಗಲು ಕೊಡು.”

ಅವನು ಹೆಗಲು ಕೊಟ್ಟ. ಅಡ್ಡೆಯ ಇನ್ನೊಂದು ತುದಿಗೆ ಜಡಮ್ಮನ ಮೊಮ್ಮಗಳು ಹೆಗಲು ಕೊಟ್ಟಳು. ದಾರಿ ಕಡಿದು. ಭಾರ ಎಲುಬಿಗಿಳಿಯಿತು. ಮುಂದಿನವರ ಹಾಡಿಗೆ ಹೆಜ್ಜೆ ಹಾಕುತ್ತ ಅವನು ಹತ್ತಿದ.

ನೆತ್ತಿಯಲ್ಲಿ ಗಾಳಿ ಬೀಸುತ್ತಿತ್ತು. ಕಲ್ಲುಗಳು ಸಾಲುಸಾಲಾಗಿ, ಮುಖ ಮೇಲೆ ಮಾಡಿ, ಬಿಸಿಲು ಕಾಯಿಸಿಕೊಳ್ಳುತ್ತಿದ್ದವು.

“ಎಲ್ಲಿ ಇಳಿಸಲಿ, ಅವ್ವ?”

ಜಡಮ್ಮ ತನ್ನ ಗಂಡನ ಕಲ್ಲಿನ ಬಳಿ ನಿಂತಿದ್ದಳು. ಅದರ ಒಂದು ಪಕ್ಕದ ಜಾಗವನ್ನು ತನಗೆಂದು ಕೋಲಿನಿಂದ ಗೆರೆ ಎಳೆದಿದ್ದಳು. ಇನ್ನೊಂದು ಪಕ್ಕವನ್ನು ತೋರಿಸಿದಳು.

“ಇಲ್ಲಿ. ಗೊತ್ತಿಲ್ಲದೋರು ಮನೆ ನಡುವೆ ಇರಬೇಕು.”

ಅವನು ಇಳಿಸಿ ಹಿಂದೆ ಸರಿದ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೊಂದಿತ್ತು. ಅದು ನೆನಪಿಗೇ ಬರಲಿಲ್ಲ. ಜಡಮ್ಮ ಊರುಗೋಲನ್ನು ಎಸೆದು ಕುಣಿಯುವವರ ನಡುವೆ ನುಗ್ಗಿದ್ದಳು. ಅವನು ಅದನ್ನು ಎತ್ತಿಕೊಂಡು, ಹಾಡು ಮುಗಿಯುವವರೆಗೂ ಹಿಡಿದು ನಿಂತ.

ಮಳೆಗಾಲ ಬಂದು ಹೋಯಿತು. ಒಂದು ಬೆಳಗ್ಗೆ ದೂರದೂರಿನ ಯಾತ್ರಿಕನೊಬ್ಬ ಆಶ್ರಮಕ್ಕೆ ಬಂದ. ಜಗಲಿ ಗಾಳಿಯಲ್ಲಿ ತೇಲುವಂತೆ ಎತ್ತರದಲ್ಲಿತ್ತು. ಅದರ ಕೆಳಗೆ ಬರಿಯ ಮಣ್ಣು, ಮಣ್ಣಿನಲ್ಲಿ ಎಳೆಯ ಗರಿಕೆ. ಹೊಂಗೆಯ ನೆರಳಿನಲ್ಲಿ ಗುರುವೂ ಒಬ್ಬ ಮುದುಕಿಯೂ ಎಲೆಯಡಿಕೆಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಹರಟುತ್ತಿದ್ದರು.

“ಸ್ವಾಮಿ, ಇಲ್ಲಿ ಪುಣ್ಯದ ಮೆಟ್ಟಿಲುಗಳಿದ್ದವಲ್ಲ?” ಎಂದು ಅವನು ಚಿದಂಬರನನ್ನು ಕೇಳಿದ.

“ಇದ್ದರು. ಮನೆಗೆ ಹೋದರು.”

ಯಾತ್ರಿಕನಿಗೆ ಅರ್ಥವಾಗಲಿಲ್ಲ. ಬಿಸಿಲಿನಲ್ಲಿ ನಡೆದು ದಣಿದಿದ್ದ. ಅವನು ಮರದ ಬಳಿಗೆ ಬಂದು ಗುರುವಿಗೆ ಕೈಮುಗಿದ.

“ತಾಯಿ, ಇಲ್ಲೇ ನೆಲದ ಮೇಲೆ ಕುಳಿತುಕೊಳ್ಳಲೇ?”

ಗುರು ಸುಣ್ಣ ಹಚ್ಚಿದ ಎಲೆಯನ್ನು ಜಡಮ್ಮನ ಕೈಗಿತ್ತರು.

“ನನ್ನನ್ನೇಕೆ ಕೇಳುತ್ತೀಯೆ, ಮಗು? ನಾನೂ ಇವರನ್ನು ಕೇಳಿಯೇ ಕುಳಿತಿದ್ದೇನೆ.”