ಗೌಡ ಎಣಿಸಿದ ಬೇವು

"ಮೇಷ್ಟ್ರೇ, ಅರ್ಥಶಾಸ್ತ್ರ ಓದೋಕೆ ಬಂದವಳಿಗೆ ಈ ಕ್ಯಾಲ್ಕುಲಸ್ ಯಾಕೆ? ಎಷ್ಟಿದೆ ಅಂತ ಎಣಿಸೋಕೆ ಬಂದರೆ ಸಾಲದಾ?"

ಕೇಳಿದವಳು ನಾಗವೇಣಿ, ಬಿ.ಎ. ಎರಡನೆಯ ವರ್ಷದ ಹುಡುಗಿ. ಹಾಲಯ್ಯ ಮೇಷ್ಟ್ರ ಮನೆಯ ಪಡಸಾಲೆಗೆ ವಾರಕ್ಕೆರಡು ಸಂಜೆ ಗಣಿತ ಹೇಳಿಸಿಕೊಳ್ಳಲು ಬರುತ್ತಿದ್ದಳು. ಅಂದು ಬಂದವಳು ಪುಸ್ತಕ ತೆರೆಯಲೇ ಇಲ್ಲ. ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವುದೆಂದು ಮನಸ್ಸು ಮಾಡಿಯಾಗಿತ್ತು. ಅಂಗಡಿಯಲ್ಲಿ ಎಷ್ಟು ಮಾರಾಟವಾಯಿತು, ಊರಲ್ಲಿ ಎಷ್ಟು ಜನ, ಅವರಲ್ಲಿ ಎಷ್ಟು ಮಂದಿಗೆ ಕೆಲಸವಿಲ್ಲ, ಇಷ್ಟು ಗೊತ್ತಾದರೆ ಲೋಕದ ವ್ಯವಹಾರ ನಡೆಯುತ್ತದೆ. ಅದೆಲ್ಲ ಗಳಿಗೆ ಗಳಿಗೆಗೂ ಯಾವ ವೇಗದಲ್ಲಿ ಬದಲಾಗುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವುದು ಕೆಲಸವಿಲ್ಲದವರ ಕೆಲಸ ಎಂಬುದು ಅವಳ ವಾದ.

ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅಂದು ಬೈಯಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆ ಕೆಲಸವಿಲ್ಲದವರ ಕೆಲಸವನ್ನೇ ತಾನು ಆಯುಷ್ಯವಿಡೀ ಮಾಡಿದ್ದು, ಅದಕ್ಕೆ ಸರ್ಕಾರ ಪಿಂಚಣಿಯನ್ನೂ ಕೊಡುತ್ತಿದೆ ಎಂದು ನಕ್ಕರು. ಒಂದು ಕತೆ ಹೇಳುತ್ತೇನೆ, ಕೇಳಿ ಆಮೇಲೆ ಬಿಡುವುದಿದ್ದರೆ ಬಿಡು, ನಾನು ತಡೆಯುವವನಲ್ಲ ಎಂದು ಶುರುಮಾಡಿದರು.

ಒಂದು ಊರು. ಆ ಊರಿಗೊಬ್ಬ ಗೌಡ. ಕೆಟ್ಟವನಲ್ಲ, ದಡ್ಡನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಕೇಳಿದವರೆಲ್ಲ ಕೊನೆಗೆ ಅವನನ್ನು ದಡ್ಡ ಅಂತಲೇ ಬೈಯುತ್ತಾರೆ. ಊರಿನಲ್ಲಿ ಎಷ್ಟು ಮನೆ, ಎಷ್ಟು ಎತ್ತು, ಯಾವ ಬಾವಿಗೆ ಎಷ್ಟು ಮೆಟ್ಟಿಲು, ಕೇಳಿದ ತಕ್ಷಣ ಹೇಳುತ್ತಿದ್ದ. ಎಣಿಸುವುದರಲ್ಲಿ ಅವನು ತಪ್ಪಿದ್ದೇ ಇಲ್ಲ. ಅವನಿಗೆ ಒಬ್ಬಳೇ ಮಗಳು. ಎರಡು ಹೊಳೆಯಾಚೆಯ ಊರಿಗೆ ಕೊಟ್ಟಿದ್ದ. ಅವಳೀಗ ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದು ನಿನಗೂ ಗೊತ್ತು. ಗೌಡ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ಹಂಡೆ ತಿಕ್ಕಿಸಿ, ಮೊಮ್ಮಗುವಿಗಾಗಿ ಕಾದು ಕೂತಿದ್ದ.

ಅಷ್ಟರಲ್ಲಿ ಊರಿಗೊಂದು ಜ್ವರ ಬಂತು. ಯಾವ ಜ್ವರ ಅಂತ ಕೇಳಬೇಡ, ಅವರಿಗೂ ಗೊತ್ತಿರಲಿಲ್ಲ. ಅಮ್ಮ ಬಂದಿದ್ದಾಳೆ ಅಂದರು, ಅಷ್ಟೇ. ಆ ಊರಲ್ಲೊಂದು ಕಟ್ಟಳೆ ಇತ್ತು. ಜ್ವರ ಬಂದ ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಮಲಗಿದವರು ಎದ್ದು ಓಡಾಡಿದರೂ ಅದನ್ನು ಬಿಚ್ಚುವಂತಿಲ್ಲ. ಜ್ವರ ಪೂರ್ತಿ ನಿಂತ ಮೇಲೆ ಊರವರೆಲ್ಲ ಸೇರಿ ಅಮ್ಮನನ್ನು ಗಡಿ ದಾಟಿಸುತ್ತಾರಲ್ಲ, ಆ ದಿನವೇ ಎಲ್ಲ ಬಾಗಿಲ ಬೇವೂ ಒಟ್ಟಿಗೆ ಇಳಿಯಬೇಕು. ಮುಂಚೆ ಇಳಿಸಿದರೆ ಅಮ್ಮ ಮುನಿಯುತ್ತಾಳೆ. ಇದನ್ನು ಸರಿಯಾಗಿ ಕಿವಿಗೆ ಹಾಕಿಕೊ. ಬೇವು ಕಟ್ಟಿದ ಬಾಗಿಲು ಹೆಚ್ಚಬಹುದು, ಇಲ್ಲ ಇದ್ದಷ್ಟೇ ಇರಬಹುದು. ಕಮ್ಮಿಯಾಗುವ ಮಾತೇ ಇಲ್ಲ.

ಗೌಡ ದಿನಾ ಬೆಳಿಗ್ಗೆ ಊರು ಸುತ್ತಿ ಬೇವು ಕಟ್ಟಿದ ಬಾಗಿಲುಗಳನ್ನು ಎಣಿಸಿ ಬರುತ್ತಿದ್ದ. ಮೊದಲ ದಿನ ಒಂದು. ಮರುದಿನ ಎರಡು. ಅದರ ಮರುದಿನ ನಾಲ್ಕು. ಆಮೇಲೆ ಎಂಟು. ಊರಲ್ಲಿದ್ದದ್ದು ಮುನ್ನೂರು ಮನೆ. ಬೀಗರು ಆಳಿನ ಕೈಲಿ ಹೇಳಿಕಳಿಸಿದರು: ನಿಮ್ಮೂರಲ್ಲಿ ಜ್ವರವಂತೆ, ಈ ಒಂದು ಸಲ ಹೆರಿಗೆ ಇಲ್ಲೇ ಆಗಲಿ, ನಾವೇನು ಹೊರಗಿನವರಾ. ಗೌಡನಿಗೆ ಅದು ಅವಮಾನ ಅನ್ನಿಸಿತು. ಎಂಟು ಬಾಗಿಲಿಗೆ ಹೆದರಿ ಒಬ್ಬಳೇ ಮಗಳ ಬಾಣಂತನವನ್ನು ಬೀಗರ ತಲೆಗೆ ಕಟ್ಟುವುದೇ? ಅಂದೇ ಗಾಡಿ ಕಟ್ಟಿಸಿಕೊಂಡು ಹೋಗಿ ಮಗಳನ್ನು ಕರೆತಂದ.

ಇಲ್ಲಿ ನಾಗವೇಣಿ ಬಾಯಿ ಹಾಕಿದಳು. ಮುನ್ನೂರರಲ್ಲಿ ಎಂಟು ಕಮ್ಮಿಯೇ ಅಲ್ಲವೇ, ಗೌಡ ಮಾಡಿದ್ದರಲ್ಲಿ ತಪ್ಪೇನು ಎಂದಳು.

ಬಂತು ನೋಡು, ನೀನೂ ಗೌಡನ ಕಡೆಯವಳೇ ಎಂದರು ಮೇಷ್ಟ್ರು. ಎಂಟು ಕಮ್ಮಿ, ಇಲ್ಲ ಅಂದವರ್ಯಾರು? ಆದರೆ ನಿನ್ನೆ ಅದು ನಾಲ್ಕಿತ್ತು. ಒಂದು ದಿನದಲ್ಲಿ ನಾಲ್ಕು ಹೊಸ ಮನೆ ಸೇರಿತು. ಅದರ ಹಿಂದಿನ ದಿನ ಸೇರಿದ್ದು ಎರಡೇ, ಅದಕ್ಕೂ ಹಿಂದೆ ಒಂದೇ. ಎಂಟನ್ನು ಮಾತ್ರ ನೋಡಿದವನು ನೆಮ್ಮದಿಯಾಗಿ ಉಂಡು ಮಲಗುತ್ತಾನೆ. ಎಂಟಕ್ಕೆ ಹೇಗೆ ಬಂತು ಅಂತ ನೋಡಿದವನಿಗೆ ಅನ್ನ ಇಳಿಯುವುದಿಲ್ಲ. ನಿನ್ನ ಪುಸ್ತಕದಲ್ಲಿ ಗೆರೆಗೆ ಇಳಿಜಾರು ಕಂಡುಹಿಡಿ ಅಂತ ಇದೆಯಲ್ಲ, ಇನ್ನೇನೂ ಅಲ್ಲ, ಇದೇ. ಗೆರೆ ಎಷ್ಟು ಎತ್ತರದಲ್ಲಿದೆ ಅಂತ ಅದು ಕೇಳುವುದಿಲ್ಲ, ಯಾವ ಕಡೆ ಹೊರಟಿದೆ, ಎಷ್ಟು ಅವಸರದಲ್ಲಿದೆ ಅಂತ ಕೇಳುತ್ತದೆ. ವ್ಯಾಪಾರಸ್ಥರೂ ಇಲ್ಲೇ ಮುಗ್ಗರಿಸುತ್ತಾರೆ. ಈ ತಿಂಗಳೂ ಮಾರಾಟ ಏರಿತು ಅಂತ ಹಿಗ್ಗುತ್ತಾರೆ, ಹೋದ ತಿಂಗಳು ಏರಿದಷ್ಟು ಏರಿಲ್ಲ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ, ಮಳಿಗೆಯ ತುಂಬ ಸೀರೆ ತಂದು ಪೇರಿಸಿಕೊಂಡು ನೊಣ ಹೊಡೆಯುತ್ತಾ ಕೂರುತ್ತಾರೆ. ಅದಿರಲಿ, ಸೀರೆಗೇನು, ಬರುವ ವರ್ಷ ಉಡುತ್ತಾರೆ. ಗೌಡನ ಮಗಳ ಕತೆ ಹಾಗಲ್ಲ.

ಅವಳು ಬಂದು ವಾರ ಕಳೆಯುವುದರೊಳಗೆ ಅರ್ಧ ಊರು ಹಾಸಿಗೆ ಹಿಡಿಯಿತು. ನಾಲ್ಕಾರು ಮುದಿಜೀವ ಹೋದವು. ಗೌಡನಿಗೆ ಊರಿನ ಚಿಂತೆ ಇತ್ತು, ಅದಕ್ಕಿಂತ ಹೆಚ್ಚಾಗಿ ಒಳಕೋಣೆಯಲ್ಲಿದ್ದ ಮಗಳ ಚಿಂತೆ. ಪೇಟೆಯಿಂದ ವೈದ್ಯನನ್ನು ಕರೆಸಿದ. ವೈದ್ಯ ಮೂರು ಮಾತು ಹೇಳಿದ: ನೀರು ಕಾಯಿಸಿ ಕುಡಿಯಿರಿ, ಒಬ್ಬರ ಮನೆಗೆ ಒಬ್ಬರು ಹೋಗಬೇಡಿ, ಸಂತೆ ನಿಲ್ಲಿಸಿ. ಗೌಡ ಅದನ್ನು ಅಕ್ಷರಕ್ಕೆ ಅಕ್ಷರ ನಡೆಸಿದ. ಸಂತೆಗೆ ಬಂದ ಗಾಡಿಗಳನ್ನು ತಾನೇ ನಿಂತು ಹಿಂದಕ್ಕೆ ಕಳಿಸಿದ. ಜನ ಶಪಿಸಿದರು, ಕೇಳಿಸಿಕೊಂಡ. ಮಗಳ ಕೋಣೆಗೆ ಹೆಂಡತಿಯ ಹೊರತು ಇನ್ನೊಬ್ಬರು ಕಾಲಿಡಲಿಲ್ಲ. ಅವನ ಮನೆಯ ಬಾಗಿಲಿಗೆ ಬೇವು ಬೀಳಲಿಲ್ಲ.

ವೈದ್ಯನ ಮಾತು ಫಲ ಕೊಟ್ಟಿತು. ಆದರೆ ಅದು ಗೌಡನಿಗೆ ಕಾಣಲಿಲ್ಲ. ಯಾಕೆ ಗೊತ್ತೇ? ಅವನು ಎಣಿಸುತ್ತಿದ್ದದ್ದು ಕಟ್ಟಿದ ಬೇವನ್ನಷ್ಟೇ. ಇನ್ನೂರಿತ್ತು. ಮರುದಿನ ಇನ್ನೂರ ಹತ್ತಾಯಿತು. ಅದರ ಮರುದಿನ ಇನ್ನೂರ ಹದಿನಾಲ್ಕು. ಏರುತ್ತಲೇ ಇದೆ, ಏರುತ್ತಲೇ ಇದೆ ಅಂತ ಹೆಂಡತಿಯ ಮುಂದೆ ಹಣೆ ಹಣೆ ಚಚ್ಚಿಕೊಂಡ. ಅವನು ಹೇಳಿದ್ದು ಸುಳ್ಳಲ್ಲ, ಏರುತ್ತಲೇ ಇತ್ತು. ಆದರೆ ಹತ್ತು ಏರಿದ್ದು ನಾಲ್ಕಕ್ಕೆ ಇಳಿದಿತ್ತಲ್ಲ, ಅದನ್ನು ಅವನಿಗೆ ಹೇಳುವವರು ಯಾರು? ಗಣಿತ ಬರದಿದ್ದರೆ ಹೋಗಲಿ, ಕಣ್ಣಾದರೂ ಹೇಳಬಹುದಿತ್ತು. ಇಂದು ಕಟ್ಟಿದ ಬೇವು ಹಸಿರಾಗಿರುತ್ತದೆ, ಹಿಂದೆಂದೋ ಕಟ್ಟಿದ್ದು ಒಣಗಿ ತರಗಾಗಿರುತ್ತದೆ. ಬೀದಿಗೆ ಬೀದಿಯೇ ತರಗಾಗಿತ್ತು. ನಡುವೆ ಅಲ್ಲೊಂದು ಇಲ್ಲೊಂದು ಹಸಿರು. ಗೌಡ ಎರಡನ್ನೂ ಕೂಡಿಸಿ ಎಣಿಸಿ ಮನೆಗೆ ಬರುತ್ತಿದ್ದ.

ಮತ್ತೊಂದು ಬೆಳಿಗ್ಗೆ ಊರು ಸುತ್ತಿ ಬಂದವನೇ ಗಾಡಿ ಹೂಡಲು ಹೇಳಿದ. ಮಗಳನ್ನು ಗಂಡನ ಮನೆಗೆ ಕಳಿಸಿಬಿಡುವುದೆಂದು ನಿರ್ಧರಿಸಿದ್ದ. ಈ ಊರು ಇನ್ನು ಉಳಿಯುವುದಿಲ್ಲ, ಮಗಳಾದರೂ ಉಳಿಯಲಿ ಎಂದು ಅವನ ಲೆಕ್ಕ. ಹೆಂಡತಿ ಅಡ್ಡ ನಿಂತಳು. ದಿನ ತುಂಬಿದ ಬಸುರಿ, ಎರಡು ಹೊಳೆ ದಾಟಬೇಕು, ಆ ಕಲ್ಲುದಾರಿಯಲ್ಲಿ ಗಾಡಿಯ ಕುಲುಕಾಟ ತಡೆದಾಳೆಯೇ, ಇಷ್ಟು ದಿನ ಕಾಪಾಡಿದ ಅಮ್ಮ ಇನ್ನೆರಡು ದಿನ ಕಾಪಾಡುವುದಿಲ್ಲವೇ ಎಂದು ಕೇಳಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಊರ ತುಂಬ ಬೇವು ತೂಗ್ತಾ ಇದೆ, ಕಣ್ಣಿಗೆ ಕಾಣಲ್ವಾ?" ಎಂದ ಗೌಡ.

ಹೆಂಡತಿ ದಾರಿ ಬಿಟ್ಟಳು. ಬೇವು ತೂಗುತ್ತಿದ್ದದ್ದು ನಿಜವೇ. ಮಗಳು ಅಪ್ಪನಿಗೆ ಎದುರಾಡುವವಳಲ್ಲ. ಗಾಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ಕೂರಿಸಿದರು. ಗೌಡನೇ ಹಗ್ಗ ಹಿಡಿದ.

ಮೊದಲ ಹೊಳೆ ದಾಟಿದರು. ಎರಡನೆಯದಕ್ಕೆ ಹೋಗುವ ಮೊದಲೇ ಹೆರಿಗೆ ನೋವು ಬಂತು. ಸುತ್ತ ಒಂದು ಮನೆಯಿಲ್ಲ, ಸೂಲಗಿತ್ತಿ ಇಲ್ಲ, ಕಾಯಿಸಿದ ನೀರಿಲ್ಲ. ಸುಣ್ಣ ಬಳಿದ ಕೋಣೆ, ತಿಕ್ಕಿದ ಹಂಡೆ, ಕಾದಿದ್ದ ಸೂಲಗಿತ್ತಿ, ಎಲ್ಲ ಹಿಂದೆ ಊರಲ್ಲಿ ಉಳಿದಿತ್ತು. ಗಾಡಿಯಲ್ಲೇ ಹೆರಿಗೆಯಾಯಿತು. ಗಂಡುಮಗು. ಅಳಲಿಲ್ಲ. ಗೌಡ ಬೆನ್ನು ತಟ್ಟಿದ, ಕಾಲು ಹಿಡಿದು ತಲೆಕೆಳಗು ಮಾಡಿದ, ಮೂಗಿಗೆ ಊದಿದ. ಅಳಲೇ ಇಲ್ಲ.

ಮಗಳ ಜೀವ ಉಳಿಯಿತು. ಹತ್ತಿರವಿದ್ದದ್ದು ತವರೇ ಆದ್ದರಿಂದ ಗಾಡಿ ತಿರುಗಿಸಿಕೊಂಡು ಊರಿಗೇ ಬಂದರು. ಅವಳು ಹಾಸಿಗೆಯಿಂದ ಏಳುವಷ್ಟರಲ್ಲಿ ಊರವರು ಅಮ್ಮನನ್ನು ಗಡಿ ದಾಟಿಸಲು ದಿನ ಗೊತ್ತುಮಾಡಿದ್ದರು. ಜ್ವರ ನಿಂತು ಬಹಳ ದಿನವಾಯಿತು ಎಂದು ಪೂಜಾರಿ ಹೇಳಿದಾಗ ಗೌಡ ನಂಬಲಿಲ್ಲ. ಬಾಗಿಲ ಬೇವು ಒಂದೂ ಇಳಿದಿಲ್ಲವಲ್ಲ ಎಂದ. ಕಟ್ಟಳೆ ಬಲ್ಲವನೇ ಆ ಮಾತು ಆಡಿದ ನೋಡು. ದುಃಖದಲ್ಲಿ ಮನುಷ್ಯನಿಗೆ ತಾನೇ ಹಾಕಿದ ಗಂಟೂ ಮರೆತುಹೋಗುತ್ತದೆ.

ಆ ದಿನ ಊರವರೆಲ್ಲ ಬೇವು ಬಿಚ್ಚಿ ತಂದು ಗಡಿಕಲ್ಲಿನ ಹತ್ತಿರ ಸುರಿದರು. ಆಳೆತ್ತರದ ರಾಶಿಯಾಯಿತು. ಮಗಳೂ ತಾಯಿಯ ತೋಳು ಹಿಡಿದುಕೊಂಡು ಬಂದಿದ್ದಳು. ಯಾರೂ ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ. ಅವಳು ರಾಶಿಯನ್ನು ತುಂಬ ಹೊತ್ತು ನೋಡಿದಳು. ಒಂದು ಹಿಡಿ ತೆಗೆದುಕೊಂಡಳು. ಅದು ಅವಳ ಕೈಯಲ್ಲೇ ಪುಡಿಯಾಯಿತು. ಅಪ್ಪನ ಹತ್ತಿರ ಬಂದು, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು:

"ಅಪ್ಪಾ, ನನ್ನನ್ನ ಕಳಿಸಿದ ದಿನ ಹೊಸದಾಗಿ ಯಾರ ಮನೆಗೆ ಬೇವು ಕಟ್ಟಿದ್ರು?"

ಗೌಡ ನೆನಪು ಮಾಡಿಕೊಂಡ. ಅವನ ನೆನಪು ಎಂದೂ ಕೈಕೊಟ್ಟಿರಲಿಲ್ಲ, ಅಂದೂ ಕೈಕೊಡಲಿಲ್ಲ. ಮೇಲಿನ ಬೀದಿಯಿಂದ ಶುರುಮಾಡಿ ಒಂದೊಂದೇ ಬಾಗಿಲನ್ನು ಕಣ್ಣ ಮುಂದೆ ತಂದುಕೊಂಡ. ಕುಂಬಾರನ ಬಾಗಿಲು, ಅದು ಹಿಂದಿನ ವಾರದ್ದು. ಅಗಸನದು, ಅದಕ್ಕೂ ಮೊದಲಿನದು. ಕೆಳಗಿನ ಕೇರಿಯ ಕೊನೆಯ ಮನೆ, ಅದು ಗಾಡಿ ಹೂಡಿಸಿದ್ದಕ್ಕೆ ಹಿಂದಿನ ದಿನ ನಸುಕಿನದು. ಆ ಬೆಳಿಗ್ಗೆ ಅವನು ಎಣಿಸಿದ್ದೂ ಇನ್ನೂರ ಹದಿನಾಲ್ಕೇ, ಹಿಂದಿನ ಬೆಳಿಗ್ಗೆ ಎಣಿಸಿದ್ದೂ ಇನ್ನೂರ ಹದಿನಾಲ್ಕೇ. ಅವನು ಮಗಳನ್ನು ಕಳಿಸಿದ ದಿನ ಊರಲ್ಲಿ ಹೊಸ ಬೇವು ಕಟ್ಟಿದ ಮನೆ ಒಂದೂ ಇರಲಿಲ್ಲ.

ಗುಡ್ಡ ಹತ್ತಿದವನು ನೆತ್ತಿಯ ಮೇಲೆ ನಿಂತಾಗ ಕಾಲ ಕೆಳಗಿನ ನೆಲ ಸಪಾಟಾಗಿರುತ್ತದೆ, ಇನ್ನು ಹತ್ತುವುದಿಲ್ಲ ಅಂತ ಅದೇ ಹೇಳುತ್ತದೆ. ಗೌಡ ಕಾಲ ಕೆಳಗೆ ನೋಡಲಿಲ್ಲ, ಎಷ್ಟು ಎತ್ತರಕ್ಕೆ ಬಂದೆ ಅಂತ ನೋಡಿ ಹೆದರಿ ಹಾರಿದ. ಗಡಿಕಲ್ಲಿನ ಹತ್ತಿರ ಅಷ್ಟು ಜನರ ಮುಂದೆ ಅವನು ಮಗಳ ಕಾಲ ಬಳಿ ಕುಸಿದು ಕೂತ. ಯಾರದೂ ಇಲ್ಲ ಮಗಳೇ, ಅಂದು ಯಾರದೂ ಇಲ್ಲ ಅಂತ ಅಷ್ಟನ್ನೇ ಹೇಳುತ್ತಿದ್ದ. ಪೂಜಾರಿ ರಾಶಿಗೆ ಬೆಂಕಿ ಇಟ್ಟ. ಒಣಗಿದ್ದ ಬೇವು ಬೇಗ ಉರಿದುಹೋಯಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಒಳಗಿನಿಂದ ಅವರ ಹೆಂಡತಿ ಇಬ್ಬರಿಗೂ ಕಾಫಿ ತಂದಿಟ್ಟು ಹೋದರು. ನಾಗವೇಣಿ ಲೋಟ ಮುಟ್ಟಲಿಲ್ಲ. ಗೌಡ ಎರಡು ಸಲ ತಪ್ಪಿದ್ದು ಒಂದೇ ತಪ್ಪು ಎಂದು ಅವಳಿಗೆ ತೋರಿತು. ಎಂಟಿದ್ದಾಗ ಹೆದರಬೇಕಿತ್ತು, ಹೆದರಲಿಲ್ಲ. ಇನ್ನೂರ ಹದಿನಾಲ್ಕಿದ್ದಾಗ ಹೆದರಬಾರದಿತ್ತು, ಹೆದರಿದ. ಅದನ್ನೇ ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಹೌದು ಎಂದು ತಲೆಯಾಡಿಸಿದರು. ಆದರೂ ಅವಳಿಗೆ ಗೌಡನ ಮೇಲೆ ಕನಿಕರ ಬಂತು. ಅವನಿಗೆ ಏನಾದರೂ ಸಮಾಧಾನ ಹೇಳಬೇಕು ಅನ್ನಿಸಿತು.

"ಕೆಟ್ಟ ಮೇಲಾದರೂ ಬುದ್ಧಿ ಬಂತಲ್ಲ ಮೇಷ್ಟ್ರೇ, ಕೊನೆಗೆ ಅವನಿಗೂ ತಿಳೀತಲ್ಲ" ಎಂದಳು.

ಮೇಷ್ಟ್ರು ಅವಳ ಮುಖವನ್ನೇ ನೋಡಿದರು.

"ಎಲೆ ಒಣಗಿದ ಮೇಲೆ ಯಾರಿಗಾದರೂ ತಿಳಿಯುತ್ತೆ ಕಣಮ್ಮ, ಹಸಿಯಾಗಿರುವಾಗಲೇ ತಿಳಿಯಬೇಕಾದರೆ ಓದಬೇಕು."