ನಿಂತ ಗಾಡಿಯ ಡಂಗುರ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಮಧ್ಯೆ ಬಾಯಿ ಹಾಕಿದ್ರೆ ನಾನು ಎದ್ದು ಹೋಗ್ತೀನಿ, ಈಗಲೇ ಹೇಳಿದೀನಿ.

ಕೋಡಿಪುರ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಒಳ್ಳೆಯವನೇ, ಆದರೆ ಯಾರು ಏನು ಹೇಳಿದರೂ ಹೂಂ ಅನ್ನೋನು. ಅವನಿಗೊಬ್ಬ ಮಂತ್ರಿ, ವೀರಸೇನ. ಈ ಮಂತ್ರಿ ತನಗೊಂದು ಮಹಡಿ ಮನೆ ಕಟ್ಟಿಸ್ತಿದ್ದ. ಕಲ್ಲು ಸಾಗಿಸೋಕೆ ಗಾಡಿ ಸಾಲದು. ಬಾಡಿಗೆ ಕೊಡೋಕೆ ಮನಸ್ಸಿಲ್ಲ.

ಏನು ಮಾಡಿದ ಗೊತ್ತಾ? ಅರಮನೆ ಅಂಗಳದಲ್ಲಿ ಒಂದು ಪುಟ್ಟ ಊರು ಮಾಡಿಸಿದ. ಮಣ್ಣಿನ ಮನೆ, ಮಣ್ಣಿನ ಜನ, ಮಣ್ಣಿನ ಎತ್ತು, ಮಣ್ಣಿನ ಗಾಡಿ. ರಾಜನ ಎದುರು ಕೂತು ಆ ಗಾಡಿಗಳನ್ನ ಬೆರಳಲ್ಲಿ ತಳ್ಳಿ ತೋರಿಸಿದ. "ನೋಡಿ ಪ್ರಭು, ಈ ಮನೆಯವರು ಬೆಳಿಗ್ಗೆ ಹೊಲಕ್ಕೆ ಹೋಗ್ತಾರೆ, ಬರ್ತಾರೆ. ಆ ಮನೆಯವರು ವಾರಕ್ಕೊಮ್ಮೆ ಸಂತೆಗೆ. ಮಿಕ್ಕ ಹೊತ್ತೆಲ್ಲ ಗಾಡಿ ಸುಮ್ಮನೆ ನಿಂತಿರುತ್ತೆ. ದಂಡ!"

ರಾಜ ಹೂಂ ಅಂದ. ಮಣ್ಣಿನ ಗೊಂಬೆಗೆ ಜ್ವರ ಬರಲ್ಲ, ಹೆರಿಗೆ ನೋವೂ ಬರಲ್ಲ. ಅದನ್ನ ಹೇಳೋರು ಅಲ್ಲಿ ಯಾರೂ ಇರಲಿಲ್ಲ.

ಡಂಗುರ ಹೊಡೆಸಿದರು. "ಕೇಳ್ರಪ್ಪೋ ಕೇಳ್ರಿ! ನಿಂತ ಗಾಡಿ ಯಾರದೇ ಆಗಲಿ, ಅದು ಅವಸರ ಇದ್ದೋರದ್ದು!" ಅವಸರ ಯಾರಿಗೆ ಅಂತೀರಿ? ಯಾವಾಗ್ಲೂ ಮಂತ್ರಿಗೇ.

ಅದೇ ರಾಜ್ಯದ ಹುರುಳಿಪುರದಲ್ಲಿ ಮಾದಕ್ಕ ಅಂತ ಒಬ್ಬಳು ಮುದುಕಿ. ಮಗ ಕೆಂಪಣ್ಣ, ಸೊಸೆ ಚಿಕ್ಕತಾಯಿ. ಆ ಊರಲ್ಲಿ ಮೂರು ಮನೆಗೆ ಒಂದು ಗಾಡಿ. ಗಾಡಿ ಮಾದಕ್ಕನದು, ಒಂದು ಎತ್ತು ಎಡಮನೆಯವರದು, ಇನ್ನೊಂದು ಬಲಮನೆಯವರದು. ಯಾರಿಗೆ ಗಾಡಿ ಬೇಕೋ ಅವರು ನೊಗಕ್ಕೆ ತಮ್ಮ ಮನೆ ಬಟ್ಟೆಯ ಚೂರು ಕಟ್ಟಬೇಕು. ಕಟ್ಟಿದ್ದು ಕಂಡರೆ ಬೇರೆಯವರು ಮುಟ್ಟಲ್ಲ. ಹೀಗೇ ಜಗಳ ಇಲ್ಲದೆ ನಡೆದುಕೊಂಡು ಬಂದಿತ್ತು.

ಈಗ ನೊಗದಲ್ಲಿ ಇದ್ದದ್ದು ಚಿಕ್ಕತಾಯಿಯ ಹಸಿರು ಸೀರೆ ಚೂರು. ಅವಳು ತುಂಬು ಬಸುರಿ. ಸೂಲಗಿತ್ತಿ ಇರೋದು ಹೊಳೆಯಾಚೆ. ಅವಳಿಗೆ ಕಾಲು ಬರಲ್ಲ, ಬಸುರಿಯರೇ ಅವಳ ಮನೆಗೆ ಹೋಗಬೇಕು. ಹಿಂದಿನ ಸಲ ನೋವು ಬಂದಾಗ ಗಾಡಿ ಸಂತೆಗೆ ಹೋಗಿತ್ತು. ಮಗು ಉಳೀಲಿಲ್ಲ. ಅವತ್ತಿಂದ ಮಾದಕ್ಕನಿಗೆ ಅದೇ ದಿಗಿಲು. ಮುದ್ದೆ ನುಂಗುವಾಗಲೂ ಒಂದು ಕಣ್ಣು ಗಾಡಿ ಮೇಲೆ.

ಗಾಡಿ ನಿಂತ್ರೆ ಮಂತ್ರಿ ಒಯ್ತಾನೆ. ಹೊರಟ್ರೆ ಸೊಸೆಗೆ ಸಿಗಲ್ಲ. ನೀವಾದ್ರೆ ಏನು ಮಾಡ್ತೀರಿ?

ಮೊದಲ ಸಲ ಮಂತ್ರಿ ಬಂದ. ದೂರದಲ್ಲಿ ಧೂಳು ಕಂಡದ್ದೇ ತಡ, "ಕೆಂಪಾ, ಗಾಡಿ ಹೂಡೋ!" ಅಂದ್ಲು ಮಾದಕ್ಕ. ಅವನು ಖಾಲಿ ಗಾಡಿ ಹೊಡ್ಕೊಂಡು ಕೆರೆ ಸುತ್ತಿದ. ಓಡೋ ಗಾಡಿ ಮುಟ್ಟೋಕೆ ಅಪ್ಪಣೆ ಇಲ್ಲವಲ್ಲ, ಮಂತ್ರಿ ವಾಪಸ್ ಹೋದ. ಗಾಡಿ ಬರೋವರೆಗೂ ಮಾದಕ್ಕ ಸೊಸೆಯ ಹೊಟ್ಟೆ ಸವರ್ತಾ, "ಈಗ ಬರಬೇಡ ಕಂದಾ, ಒಂಚೂರು ತಡಿ" ಅಂತ ಬೇಡ್ಕೊಳ್ತಾ ಕೂತಿದ್ಲು.

ಎರಡನೇ ಸಲ ಬಂದ. ಮತ್ತೆ ಕೆರೆ ಸುತ್ತು. ಈಗ ಊರಿಗೆ ಊರೇ ಖಾಲಿ ಗಾಡಿ ಓಡಿಸ್ತಿತ್ತು. ಅಯ್ಯಯ್ಯೋ, ಆ ಧೂಳೋ! ಎಡಮನೆ ಎತ್ತು ಕುಂಟೋಕೆ ಶುರು ಮಾಡ್ತು. ಅಷ್ಟರಲ್ಲಿ ಚಿಕ್ಕತಾಯಿ, "ಅತ್ತೆ, ಸೊಂಟ ಹಿಡ್ಕೊಂಡಂಗೆ ಆಯ್ತದೆ" ಅಂದ್ಲು. ಮಾದಕ್ಕನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ನೋವು ಹಾಗೇ ಇಳೀತು.

ಮೂರನೇ ಸಲ ಆಳುಗಳನ್ನ, ಡಂಗುರದವನನ್ನ ಕರ್ಕೊಂಡೇ ಬಂದ. ಕುಂಟೆತ್ತು ಮಲಗಿದ್ದು ಏಳಲೇ ಇಲ್ಲ. ಗಾಡಿ ಬಾಗಿಲಲ್ಲೇ ನಿಂತಿತ್ತು.

"ಸ್ವಾಮಿ, ಬಟ್ಟೆ ಕಟ್ಟಿದೆ ನೋಡಿ. ಬಸುರಿ ಹೆಂಗಸಿಗೆ ಇಟ್ಟಿರೋ ಗಾಡಿ" ಅಂತ ಮಾದಕ್ಕ ಕೈ ಮುಗಿದ್ಲು.

"ನಿಂತಿದೆಯೋ ಇಲ್ಲವೋ, ಅಷ್ಟು ಹೇಳು."

"ನಿಂತಿದೆ ಸ್ವಾಮಿ. ಕಾಯ್ತಾ ನಿಂತಿದೆ."

"ಕಾಯೋದೂ ಒಂದು ಕೆಲಸವೇನೇ ಮುದುಕಿ?"

ಆಳುಗಳು ತಾವು ತಂದಿದ್ದ ಎತ್ತು ಕಟ್ಟಿ ಗಾಡಿ ಹೊಡ್ಕೊಂಡು ಕಲ್ಲಿನ ಗಣಿ ಕಡೆ ಹೋದರು. ಮಂತ್ರಿ ಹೋದನಾ? ಇಲ್ಲ. ಬಿಸಿಲು ಅಂತ ಜಗಲಿ ಮೇಲೆ ಕಾಲು ಚಾಚಿ, ಮಜ್ಜಿಗೆ ತಾ ಅಂದ. ಗಾಡಿ ಕಿತ್ಕೊಂಡ ಮನೇಲೇ ಮಜ್ಜಿಗೆ ಕೇಳ್ತಾನೆ, ಮಾನಗೆಟ್ಟೋನು! ಅವನ ಕಮಾನು ಗಾಡಿ ಹೊಂಗೆ ಮರದ ಕೆಳಗೆ, ಹೂಡಿದ ಎತ್ತಿನ ಸಮೇತ ನಿಂತಿತ್ತು.

ಆಗ ಒಳಗಿಂದ ಕೂಗು. "ಅತ್ತೇ! ನೀರು ಒಡೀತು!"

ಈ ಮಗೂನೂ ಹೋಗುತ್ತೆ ಅಂತ ಮಾದಕ್ಕನಿಗೆ ಕಣ್ಣು ಕತ್ತಲೆ ಬಂತು. ಬಾಗಿಲು ಹಿಡ್ಕೊಂಡು ನಿಂತ್ಲು. ಮರದ ಕೆಳಗಿನ ಗಾಡಿ ಕಂಡಿತು. ಕಣ್ಣೊರೆಸ್ಕೊಂಡು ಡಂಗುರದವನ ಹತ್ತಿರ ಹೋದ್ಲು.

"ಅಪ್ಪಾ, ನನಗೆ ಕಿವಿ ಮಂದ. ಇನ್ನೊಂದು ಸಲ ಸಾರಪ್ಪಾ."

ಅವನು ಸಾರಿದ. "ನಿಂತ ಗಾಡಿ ಯಾರದೇ ಆಗಲಿ, ಅದು ಅವಸರ ಇದ್ದೋರದ್ದು!"

"ಯಾರದೇ ಆಗಲಿ?"

"ಯಾರದೇ ಆಗಲಿ!"

"ಊರೋರೆಲ್ಲ ಕೇಳಿಸ್ಕೊಂಡ್ರಾ?" ಅಂದವಳೇ, ಹಸಿರು ಸೀರೆಯ ಇನ್ನೊಂದು ಚೂರು ಹರಿದು ಮಂತ್ರಿ ಗಾಡಿಯ ನೊಗಕ್ಕೆ ಬಿಗಿದ್ಲು. ಎಡಮನೆ, ಬಲಮನೆ ಹೆಂಗಸರು ಚಿಕ್ಕತಾಯಿಯನ್ನ ಎತ್ತಿ ಮೆತ್ತೆ ಮೇಲೆ ಕೂರಿಸಿದರು. ಕೆಂಪಣ್ಣ ಹಗ್ಗ ಹಿಡಿದ.

ಮಂತ್ರಿ ಮಜ್ಜಿಗೆ ಚೆಲ್ಲಿಕೊಂಡು ಎದ್ದ. "ಏಯ್! ಅದು ಸುಮ್ಮನೆ ನಿಂತಿಲ್ಲ, ನನಗೋಸ್ಕರ ಕಾಯ್ತಿದೆ!"

"ನಮ್ಮದೂ ಅದನ್ನೇ ಮಾಡ್ತಿತ್ತು ಸ್ವಾಮಿ" ಅಂತ ಹೇಳಿ ಮಾದಕ್ಕನೂ ಗಾಡಿ ಹತ್ತಿದ್ಲು.

ಗಾಡಿ ಹಾರಿತು. ಹೊಳೆಯಲ್ಲಿ ಚಕ್ರ ಒಮ್ಮೆ ಹೂತು ನಿಂತಾಗ ಎಲ್ಲರ ಉಸಿರೂ ನಿಂತಿತ್ತು. ಕೆಂಪಣ್ಣ ನೀರಿಗೆ ಇಳಿದು ಹೆಗಲು ಕೊಟ್ಟ. ಸೂಲಗಿತ್ತಿಯ ಅಂಗಳ ಮುಟ್ಟಿ, ಚಿಕ್ಕತಾಯಿಯನ್ನ ಒಳಗೆ ಮಲಗಿಸೋದೇ ತಡ, ಹೆಣ್ಣು ಮಗು ಹುಟ್ಟಿತು. ಮೊದಲು ಸದ್ದಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದ್ಲು. ಆಮೇಲೆ ಅತ್ತಿತು ನೋಡಿ, ಮಾದಕ್ಕನೂ ಜೊತೆಗೆ ಅತ್ತಳು.

ಇತ್ತ ಮಂತ್ರಿ ಬಿಸಿಲಲ್ಲಿ ನಡೆದು, ಪಾದದಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಅರಮನೆಗೆ ಬಂದ. "ಪ್ರಭು, ಮುದುಕಿಯೊಬ್ಬಳು ನನ್ನ ಗಾಡಿ ಕದ್ದಳು!"

"ನಿಂತಿತ್ತಾ?" ಅಂದ ರಾಜ.

"ನಿಂತಿತ್ತು. ಆದರೆ..."

"ಅವಳ ಗಾಡಿಯನ್ನೂ ನೀನು ಒಯ್ದಿದ್ದೆಯಾ? ಅದರಲ್ಲಿ ಏನು ಹೇರಿಸಿದೆ?"

"ಕಲ್ಲು, ಪ್ರಭು. ನನ್ನ ಮನೆಗೆ."

"ನಿನ್ನ ಗಾಡಿಯಲ್ಲಿ ಅವಳು ಏನು ಹೇರಿದಳು?"

ಮಂತ್ರಿ ತಲೆ ತಗ್ಗಿಸಿದ. "ನೋವು ತಿನ್ನುತ್ತಿದ್ದ ಸೊಸೆಯನ್ನ."

ಈ ಸಲ ರಾಜ ಹೂಂ ಅನ್ನಲಿಲ್ಲ. ಎದ್ದು ಹೋಗಿ ಅಂಗಳದ ಮಣ್ಣಿನ ಊರನ್ನ ಕಾಲಿಂದ ಒದ್ದು ಪುಡಿ ಮಾಡಿದ. ಒಯ್ದ ಗಾಡಿಗಳನ್ನೆಲ್ಲ ಅವರವರ ಬಾಗಿಲಿಗೆ ಕಳಿಸಿದ. ಮಿಕ್ಕ ಕಲ್ಲನ್ನ ಮಂತ್ರಿಯೇ ತಲೆ ಮೇಲೆ ಹೊರಬೇಕು ಅಂತ ಅಪ್ಪಣೆ ಮಾಡಿದ.

ನೀತಿ ಏನು ಅಂತ ನಾನೇ ಹೇಳ್ತೀನಿ. ಒಬ್ಬರ ಮನೆಗೆ ಏನು ಬೇಕು, ಏನು ಬೇಡ ಅನ್ನೋದನ್ನ ಆ ಮನೆಯವರನ್ನ ಕೇಳದೆ ದೂರ ಕೂತು ಅಳೀಬಾರದು. ಅಳೆದರೆ, ಅದೇ ಅಳತೆಗೋಲು ನಿಮ್ಮ ಮನೆ ಬಾಗಿಲಿಗೂ ಬರುತ್ತೆ.